ಅಮ್ಮ ಉಸಿರು ತಕ್ಕೊಂಡ ಜಾಗ

ರಾಣಿ ರಾಗಿಕಲ್ಲನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದಳು. ಸಂದಿಯಲ್ಲಿ ಕೂತಿದ್ದ ಹಳೆಯ ಹಿಟ್ಟನ್ನು ಕಡ್ಡಿಯಿಂದ ಕೆದಕಿ, ಊದಿ, ಮತ್ತೆ ಉಜ್ಜಿದಳು. ಹೂಗ್ಯಂ ಊರಿನಲ್ಲಿ ಈಗ ಎಲ್ಲರ ಮನೆಯ ರಾಗಿಯೂ ಮಿಷನ್ನಿಗೇ ಹೋಗುತ್ತದೆ. ಕಾರೆಕಟ್ಟೆ ಮಾರಮ್ಮನ ಅಂಬಲಿಗೆ ಮಾತ್ರ ಮಿಷನ್ ಹಿಟ್ಟು ಸಲ್ಲದು. ಪೂಜೆ ಮಾಡುವ ಮನೆತನದ ಹೆಣ್ಣು ಕೈಯಾರೆ ಬೀಸಬೇಕು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ವರ್ಷದಿಂದ ಆ ಕೆಲಸ ರಾಣಿಯದು. ಮೊದಲು ಅಜ್ಜಿ ರಾಮಮ್ಮನ ಜೊತೆ, ಅಜ್ಜಿ ತೀರಿಕೊಂಡ ಮೇಲೆ ಒಬ್ಬಳೇ.

ಪಡಸಾಲೆಯಲ್ಲಿ ತಾತ ಪುಟ್ಟಸಿದ್ದಯ್ಯ ಗೋಡೆಗೆ ಒರಗಿ ಕೂತಿದ್ದ. ಎದುರಿಗೆ ಕೊಳ್ಳೇಗಾಲದಿಂದ ಬಂದ ಹಳೇ ಮೇಷ್ಟ್ರು ಶಿವಕುಮಾರಸ್ವಾಮಿ. ಮಾರಮ್ಮನ ಪದವನ್ನು ಪುಸ್ತಕ ಮಾಡಬೇಕೆಂದು ಮೊಬೈಲನ್ನು ನೆಲದ ಮೇಲಿಟ್ಟು ರೆಕಾರ್ಡ್ ಮಾಡುತ್ತಿದ್ದರು.

ಪದ ಒಟ್ಟು ಏಳು ಕಟ್ಟು, ಅಂದರೆ ಏಳು ಭಾಗ. ತಾತನ ಮುತ್ತಾತ ಕಾರೆಪೊದೆಯ ಕೆಳಗೆ ಮೂರು ದಿನ ಜ್ವರದಲ್ಲಿ ಮಲಗಿದ್ದಾಗ ಅಮ್ಮನೇ ಬಂದು ಕಿವಿಯಲ್ಲಿ ಹೇಳಿದಳೆಂದು ಈ ಮನೆಯ ನಂಬಿಕೆ. ಅಂದಿನಿಂದ ಪೂಜೆಯಲ್ಲಿ ಗಂಡಸರೇ ಹಾಡುತ್ತ ಬಂದಿದ್ದರು. ಮೂರು ತಿಂಗಳ ಹಿಂದೆ ತಾತನಿಗೆ ಲಕ್ವ ಹೊಡೆಯಿತು. ಮಾತು ಮರಳಿತು, ಐದನೆಯ ಕಟ್ಟು ಮಾತ್ರ ಮರಳಲಿಲ್ಲ. ಕೊಟ್ಟವಳೇ ಕಿತ್ತುಕೊಂಡಳು, ಅಮ್ಮ ನನ್ನ ಕೈಬಿಟ್ಟಳು ಎಂದು ತಾತ ಅರ್ಧ ಮುದ್ದೆಗೇ ಏಳುತ್ತಿದ್ದ. ತಟ್ಟೆಯಲ್ಲಿ ಉಳಿದ ಅರ್ಧ ಮುದ್ದೆಯನ್ನು ದಿನವೂ ಎತ್ತುವವಳು ರಾಣಿ.

"ಕೈಬುಡೋ ಮಾತ್ಯಾಕೆ ಯಜಮಾನ್ರೇ?" ಎಂದರು ಮೇಷ್ಟ್ರು. "ನಿಮ್ಮ ಮುತ್ತಾತನೇ ಕಟ್ಟಿ ಅಮ್ಮನ ಹೆಸರು ಹೇಳಿರಬಹುದು. ಇಲ್ಲವೇ ಹತ್ತಾರು ಬಾಯಿ ಸೇರಿ ಬೆಳೆದಿರಬಹುದು. ಎರಡನೇ ಕಟ್ಟಲ್ಲಿ ಮೆಣಸಿನಕಾಯಿ ಬರುತ್ತೆ ನೋಡಿ. ಅದು ಹಡಗಲ್ಲಿ ಹೊರದೇಶದಿಂದ ಬಂದದ್ದು. ಅನಾದಿಕಾಲದ ಅಮ್ಮನ ಬಾಯಲ್ಲಿ ಅದು ಹೇಗೆ ಬಂತು?"

"ಅಡಗು ಬತ್ತದ ಅಂತ ನಮ್ಮವ್ವುಂಗ ಮೊದ್ಲೇ ಗೊತ್ತಿರ್ನಿಲ್ವಾ ಸಾ?"

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಆಯ್ತಪ್ಪ, ಸೋತೆ. ಇನ್ನೊಂದು ಹೇಳಿ. ಪ್ರತಿ ಸಾಲಿನ ನಡುವೆ ಗಕ್ಕನೆ ನಿಲ್ಲಿಸ್ತೀರಲ್ಲ, ಯಾಕೆ?"

"ಅಲ್ಲಿ ಅವ್ವ ಉಸ್ರು ತಕ್ಕಂಡವ್ಳ. ನಾವೂ ತಕ್ಕಬೇಕು. ನಮ್ಮಪ್ಪ ಅಂಗೇ ಕಲ್ಸುದ್ದು." ತಾತ ಹಾಡಿ ತೋರಿಸಿದ:

"ಕಾರೆಯ ಮುಳ್ಳಲ್ಲಿ ತಂಗಿದ… ತಾಯಿ ಬಾರವ್ವ."

ಒಳಗೆ ರಾಣಿಯ ಕೈ ನಿಂತಿತು. ಇಷ್ಟು ವರ್ಷ ಬೀಸುವಾಗ ಅಜ್ಜಿಯ ಬಾಯಲ್ಲೂ ಪೂಜೆಯಲ್ಲಿ ತಾತನ ಬಾಯಲ್ಲೂ ಅದೇ ಸಾಲು ಕೇಳಿದ್ದಳು. ಎರಡನ್ನೂ ಜೋಡಿಸಿ ನೋಡಿರಲಿಲ್ಲ. ಬಲಗೈ ಗೂಟ ತಿರುಗಿಸುವಾಗ ಹಾಡು ಸಾಗುತ್ತದೆ. ಎಡಗೈ ಒಂದು ಹಿಡಿ ರಾಗಿಯನ್ನು ಕಲ್ಲಿನ ಬಾಯಿಗೆ ಹಾಕುವಾಗ ಹಾಡು ನಿಲ್ಲುತ್ತದೆ. ಅಮ್ಮನ ಉಸಿರಲ್ಲ ಅದು, ಹಿಡಿ ರಾಗಿ. ಹೆಂಗಸರು ಬೀಸುವಾಗ ಗೋಡೆಯಾಚೆ ಕೂತು ಮೊದಲು ಕಲಿತ ಗಂಡಸರಿಗೆ ಆ ಹಿಡಿ ಕಂಡಿರಲಿಕ್ಕಿಲ್ಲ.

ಎದ್ದು ಹೋಗಿ ಹೇಳಲು ಅವಳಿಗೆ ನಾಲಿಗೆ ಬಾರದು. ಪರರ ಮುಂದೆ ಅವಳ ದನಿ ಕೇಳಿದವರೇ ಕಡಿಮೆ. ಹೇಳಿದರೆ ತಾತನ ಮುತ್ತಾತನನ್ನೂ ಕಾರೆಪೊದೆಯನ್ನೂ ಕಿತ್ತುಕೊಂಡಂತೆ. ಹೇಳದಿದ್ದರೆ ಐದನೆಯ ಕಟ್ಟು ಮಣ್ಣು ಸೇರುತ್ತದೆ. ತಾತನೂ ಅದೇ ಕೊರಗಿನಲ್ಲಿ ಸವೆಯುತ್ತಾನೆ. ಮೊರವನ್ನು ಹತ್ತಿರಕ್ಕೆಳೆದು, ಒಂದು ಹಿಡಿ ಹಾಕಿ, ಗೂಟ ಹಿಡಿದಳು. ಕಲ್ಲು ತಿರುಗಿತು. ಐದನೆಯ ಕಟ್ಟು ಕೈಗೆ ನೆನಪಿತ್ತು:

"ಆರಿದ ಒಲೆಗೊಂದು ಕೆಂಡವ… ಕೇಳಿ ತಾರವ್ವ."

ಸ್ವಲ್ಪ ಹೊತ್ತಿಗೆ ಕೋಲೂರುತ್ತ ತಾತ ಬಾಗಿಲಿಗೆ ಬಂದ, ಹಿಂದೆಯೇ ಮೇಷ್ಟ್ರು. ಸಾಲು ನಿಂತಾಗೆಲ್ಲ ರಾಣಿಯ ಎಡಗೈ ಹಿಡಿ ರಾಗಿ ಹಾಕುವುದನ್ನು ಮೇಷ್ಟ್ರು ನೋಡಿದರು. ತಾತನೂ ನೋಡಿದ. ರಾಣಿ ಕಟ್ಟು ಮುಗಿಸಿದಳು.

"ಅಂದ್ರೆ ಇದನ್ನು ಕಟ್ಟಿದ್ದು ಬೀಸೋ ಹೆಣ್ಣುಮಕ್ಕಳು," ಎಂದರು ಮೇಷ್ಟ್ರು ಮೆಲ್ಲಗೆ.

ರಾಣಿ ತಲೆ ಬಗ್ಗಿಸಿದಳು. "ನಾ ಅಜ್ಜೀನ ಒಂದಿನ ಕೇಳಿದ್ದಿ ಸಾ, ಯಾರು ಕಟ್ಟಿದ್ರು ಅಂತ. ಅಜ್ಜಿ ಮಾಂಬಳ್ಳಿಯಿಂದ ಬಂದೋಳು, ಅವ್ರತ್ತೆಯಿಂದ ಕಲ್ತದ್ದಂತ. ಅವ್ರತ್ತೆ ಯಾರೂ ಕಟ್ನಿಲ್ಲ ಅಂದಿದ್ಳಂತ. ಕೈ ತಿರುಗ್ತಿತ್ತಂತ, ಬಾಯ್ಗ ಬಂತಂತ."

"ಎಲ್ಲಿಂದ ಬಂತು?" ಎಂದರು ಮೇಷ್ಟ್ರು.

"ಅದ ಅವ್ರೂ ಏಳ್ನಿಲ್ಲ."

ತಾತ ಹೊಸ್ತಿಲ ಮೇಲೆ ಕೂತ. ಬೈಯುತ್ತಾನೇನೋ ಎಂದು ರಾಣಿ ಗೂಟ ಬಿಟ್ಟಳು. ತಾತ ಟವೆಲಿನಿಂದ ಮುಖ ಒರೆಸಿಕೊಂಡ.

"ನೋಡಿ ಸಾ, ಮೂರ್ ತಿಂಗ್ಳಿಂದ ಅವ್ವ ಬುಟ್ಟೋದ್ಲು ಅಂತ ಅಳ್ತಿವ್ನಿ. ಅವ್ಳು ಒಳ್ಗ ಕಲ್ಲತ್ರ ಕುಂತವ್ಳ!" ನಗುವೋ ಅಳುವೋ ತಿಳಿಯದ ದನಿ. "ನಮ್ ಮುತ್ತಾತುಂಗ ಕಾರೆ ಕೆಳಗ ಗಂಜಿ ಕುಡ್ಸಿದ್ದೋಳು ಅವ್ನೆಂಡ್ತಿನೇ ಅಲ್ವಾ? ಮೊದ್ಲು ಈ ಪದ ಅವಳೇ ಆಡಿರ್ಬೇಕು. ಅವಳ ಬಾಯ್ಗ ಯಾರ್ ಆಕುದ್ರೋ, ಅದ ನೀವೇ ಬರ್ಕೊಳಿ. ನಂಗ ಸಿಕ್ತಲ್ಲ, ಸಾಕು. ಕೂಸೇ, ನಿನ್ ಕೈ ತಣ್ಣಗಿರ್ಲಿ ಕಣವ್ವ."

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿ, "ಕಟ್ಟಿದವರ ಹೆಸರು ಬರೆಯೋ ಜಾಗ ಖಾಲಿ ಬಿಡ್ತೀನಿ," ಎಂದರು.

ರಾಣಿಯ ಕಣ್ಣು ತುಂಬಿ ಬಂತು. ಅಜ್ಜಿಗೆ, ಅಜ್ಜಿಯ ಅತ್ತೆಗೆ, ಹೆಸರೂ ಗೊತ್ತಿಲ್ಲದ ಆ ಗಂಜಿ ಕುಡಿಸಿದವಳಿಗೆ, ಕಾರೆಕಟ್ಟೆಯವಳಿಗೆ ಮನಸ್ಸಿನಲ್ಲೇ ಕೈಮುಗಿದಳು. ಆರನೆಯ ಕಟ್ಟು ಶುರು ಮಾಡಿದಳು. ತಾತ ಕಣ್ಣು ಮುಚ್ಚಿ ದನಿಗೂಡಿಸಿದ. ಮೇಷ್ಟ್ರೂ ಬಾಗಿಲ ಚೌಕಟ್ಟಿಗೆ ಒರಗಿ ಕಣ್ಣು ಮುಚ್ಚಿದರು. ಮೊರದಲ್ಲಿ ರಾಗಿ ಮುಗಿದಿತ್ತು. ಉಳಿದ ರಾಗಿಯ ಕುಕ್ಕೆ ಅವರ ಕಾಲ ಬಳಿ ಇತ್ತು.

"ಆ ಕುಕ್ಕೆ ವಸಿ ಇತ್ತಗ ತಳ್ಳಿ," ಎಂದಳು ರಾಣಿ.

ಇಬ್ಬರೂ ಕಣ್ಣು ಮುಚ್ಚಿ ಪದದಲ್ಲೇ ಮುಳುಗಿದ್ದರು. ರಾಣಿಯೇ ಎದ್ದು ಕುಕ್ಕೆ ಎಳೆದುಕೊಂಡಳು.