ಡಬ್ಬಿಯ ಮೇಲಿನ ಮೂವತ್ತಮೂರು

ತೈವಾನಿನ ಗಾಂಗ್‌ಶಾನ್‌ನಲ್ಲಿ ಸ್ಕ್ರೂ ಕಾರ್ಖಾನೆಯವರನ್ನು ಗುರುತಿಸಲು ಹೆಚ್ಚು ಕಷ್ಟಪಡಬೇಕಾಗಿಲ್ಲ. ಆಡಿನ ಮಾಂಸದ ಹೋಟೆಲಿನಲ್ಲಿ ಪಕ್ಕದಲ್ಲೇ ಕೂತ ಹೆಂಡತಿಯನ್ನು ಹೊಳೆಯ ಆಚೆ ದಡದಲ್ಲಿದ್ದಾಳೋ ಎಂಬಂತೆ ಕೂಗಿ ಮಾತಾಡಿಸುತ್ತಾರೆ. ಹೆಂಡತಿಯೂ ಅಲ್ಲೇ ದುಡಿದವಳಾದರೆ ಅಷ್ಟೇ ಜೋರಾಗಿ "ಏನಂದ್ರಿ?" ಎನ್ನುತ್ತಾಳೆ. ಬೀ-ಯೂನ್ ಮಾತ್ರ ತಾನು ಆ ಜಾತಿಯವಳಲ್ಲ ಎಂದು ಇಪ್ಪತ್ತೈದು ವರ್ಷ ಜಂಬ ಪಟ್ಟವಳು. ತಂತಿ ಕತ್ತರಿಸಿ ಒಂದೇ ಏಟಿಗೆ ಅದಕ್ಕೆ ತಲೆ ಮೂಡಿಸುವ ಯಂತ್ರಗಳ ಸಾಲಿನಲ್ಲಿ ಆರನೆಯದು ಅವಳದು. ನಿಮಿಷಕ್ಕೆ ಇನ್ನೂರು ಏಟು, ಸಾಲಿಗೆ ಹನ್ನೆರಡು ಯಂತ್ರ. ಬಲಗಿವಿಯನ್ನು ಚಿಕ್ಕಂದಿನಲ್ಲೇ ಜ್ವರ ತಿಂದುಹಾಕಿತ್ತು. ಉಳಿದ ಎಡಗಿವಿಯನ್ನು ಅವಳು ಮನೆಯಲ್ಲಿರುವ ಒಂದೇ ಚಿನ್ನದೊಡವೆಯಂತೆ ಕಾಪಾಡಿಕೊಂಡು ಬಂದಿದ್ದಳು.

ಗದ್ದಲ ತಡೆಯಲು ಕಿವಿಗೆ ಕೊಡುವ ಫೋಮ್ ಪ್ಲಗ್ಗನ್ನು ಹಾಕಬೇಕಾದ ಕ್ರಮದಲ್ಲಿ ಹಾಕುತ್ತಿದ್ದವಳು ಅವಳೊಬ್ಬಳೇ. ಬೆರಳಲ್ಲಿ ಹೊಸೆದು ಸಣ್ಣಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆಳೆದು, ಒಳಗೆ ತಳ್ಳಿ, ಅದು ಉಬ್ಬುವವರೆಗೂ ಬೆರಳು ಒತ್ತಿ ಹಿಡಿಯುತ್ತಿದ್ದಳು. ಉಳಿದವರು ಊದುಕಡ್ಡಿ ಸಿಕ್ಕಿಸಿದ ಹಾಗೆ ಸಿಕ್ಕಿಸಿಕೊಂಡು ಕೆಲಸಕ್ಕೆ ನಿಲ್ಲುತ್ತಿದ್ದರು. ಡಬ್ಬಿಯ ಮೇಲೆ ಮೂವತ್ತಮೂರು ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅಂದರೆ ಗದ್ದಲದಲ್ಲಿ ಅಷ್ಟು ಡೆಸಿಬೆಲ್ ಕಡಿಮೆಯಾಗಿ ಕಿವಿಗೆ ಮುಟ್ಟುತ್ತದೆ ಎಂದು. ಆ ಲೆಕ್ಕ ಹುಟ್ಟಿದ್ದು ಎಲ್ಲೋ ತಣ್ಣನೆಯ ಕೋಣೆಯಲ್ಲಿ, ಬೆವರದ ಕಿವಿಗಳಲ್ಲಿ, ದವಡೆ ಅಲ್ಲಾಡಿಸದೆ ಕೂತವರ ಮೇಲೆ. ಅಡಕೆಲೆ ಜಗಿಯುವವರು, ಬೈಯುವವರು, ಎಣ್ಣೆಗೈಯಲ್ಲಿ ಮುಖ ಒರೆಸಿಕೊಳ್ಳುವವರು ಅಲ್ಲಿ ಯಾರೂ ಇರಲಿಲ್ಲ. ಪುಸ್ತಕದ ಬದನೆಕಾಯಿ ಸಾರಿಗೆ ಬರುತ್ತದೆಯೇ? ಇಡೀ ಸಾಲಿನಲ್ಲಿ ಡಬ್ಬಿಯ ಮಾತು ನಿಜವಾದದ್ದು ಬೀ-ಯೂನಳ ಕಿವಿಯಲ್ಲಿ ಮಾತ್ರ. ಅದು ನಿಜವಾದದ್ದರಿಂದಲೇ ಆ-ಹೋಕ್ ಸತ್ತ ಎಂದು ಅವಳು ನಂಬಿದ್ದಳು.

ಆ-ಹೋಕ್ ಏಳನೇ ಯಂತ್ರದವನು. ಇಪ್ಪತ್ತೆರಡು ವರ್ಷ ಅವಳ ಬೆನ್ನಿಗೆ ಬೆನ್ನು ಹಾಕಿ ದುಡಿದವನು. ಹೋದ ವರ್ಷ ಚಂದ್ರನ ಹಬ್ಬ ಕಳೆದ ವಾರ, ಹಾಡಹಗಲಲ್ಲಿ, ಎದೆ ಹಿಡಿದುಕೊಂಡು ಎಣ್ಣೆ ಡಬ್ಬದ ಪಕ್ಕದಲ್ಲಿ ಕುಸಿದ. ಎರಡು ಮಾರು ದೂರದಲ್ಲಿದ್ದ ಬೀ-ಯೂನಳನ್ನು ಮೂರು ಸಲ ಕರೆದ. ಅವಳು ತಿರುಗಲಿಲ್ಲ. ಅದು ಕೇಳಿಸಿದ್ದು ದೂರದ ಬಾಗಿಲ ಬಳಿ ಸ್ಕ್ರೂ ತೂಗುತ್ತಿದ್ದ ಚೂನ್ ಅಕ್ಕನಿಗೆ. ಅವಳ ಪ್ಲಗ್ಗು ಎಂದಿನಂತೆ ಅರ್ಧ ಹೊರಗೇ ಇತ್ತು. ಅವಳು ಓಡಿ ಬಂದು ಬೀ-ಯೂನಳ ಭುಜ ಹಿಡಿದು ಅಲುಗಿಸುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಅವತ್ತಿನಿಂದ ಬೀ-ಯೂನಳೂ ಪ್ಲಗ್ಗನ್ನು ಸಡಿಲವಾಗಿಯೇ ಇಟ್ಟುಕೊಳ್ಳತೊಡಗಿದಳು. ಇನ್ನು ಯಾರು ಕರೆದರೂ ತನಗೆ ಕೇಳಲೇಬೇಕು ಎಂಬ ಹಟ. ಆದರೆ ಇಪ್ಪತ್ತೈದು ವರ್ಷದ ಅಭ್ಯಾಸ ಕೈಗೆ ಅಂಟಿತ್ತಲ್ಲ, ಮೈಮರೆತಾಗ ಅದು ಪೂರ್ತಿ ಒಳಗೆ ತಳ್ಳಿಬಿಡುತ್ತಿತ್ತು. ಹಾಗೆ ತಳ್ಳಿದ ಒಂದು ಚಳಿಗಾಲದ ಬೆಳಗ್ಗೆ, ಗದ್ದಲವೆಲ್ಲ ಹೊದಿಕೆಯ ಕೆಳಗೆ ಹೋದ ಮೇಲೆ, ಕಿವಿಗೆ ತೀರಾ ಹತ್ತಿರದಲ್ಲಿ ಕೇಳಿಸಿತು.

"ಯೂನಾ... ಏ ಯೂನಾ!"

ಹಾಗೆ ಎಳೆದು ಕರೆಯುತ್ತಿದ್ದವನು ಆ-ಹೋಕ್ ಒಬ್ಬನೇ. ಅವಳು ಗಿರಕ್ಕನೆ ತಿರುಗಿದಳು. ಏಳನೇ ಯಂತ್ರದ ಮೇಲೆ ಟಾರ್ಪಾಲು ಹೊದಿಸಿತ್ತು. ಯಂತ್ರ ರಗಳೆ ಮಾಡದಿರಲಿ ಎಂಬ ನಂಬಿಕೆಯಿಂದ ಅದರ ತಲೆಯ ಮೇಲಿಟ್ಟ ಜೋಳದ ಕುರುಕಲಿನ ಹಸಿರು ಪೊಟ್ಟಣ ಇಟ್ಟಲ್ಲೇ ಇತ್ತು. ಪ್ಲಗ್ಗು ಕಿತ್ತಳು, ಬರೀ ಗದ್ದಲ. ಆಮೇಲೆ ಹೀಗೆ ಐದಾರು ಸಲ ಆಯಿತು. ಅವಳು ಯಾರಿಗೂ ಬಾಯಿ ಬಿಡಲಿಲ್ಲ.

ಬೇಸಿಗೆಯ ತಪಾಸಣೆಯಲ್ಲಿ ವೈದ್ಯರು ಅವಳ ಕಾಗದ ನೋಡಿ ಹುಬ್ಬು ಗಂಟಿಕ್ಕಿದರು. ಒಂದೇ ವರ್ಷದಲ್ಲಿ ಎಡಗಿವಿ ಇಷ್ಟು ಇಳಿಯಬಾರದಿತ್ತು. ಪ್ಲಗ್ಗು ಸರಿಯಾಗಿ ಹಾಕದಿದ್ದರೆ ಎರಡು ವರ್ಷದಲ್ಲಿ ಅದೂ ಹೋಗುತ್ತದೆ ಎಂದರು. ಹಾಕಿದರೆ ಸತ್ತವನ ದನಿ, ಹಾಕದಿದ್ದರೆ ಯಾರ ದನಿಯೂ ಇಲ್ಲ. ಅತ್ತ ದರಿ, ಇತ್ತ ಪುಲಿ. ಬೀ-ಯೂನಳಿಗೆ ನಿಜಕ್ಕೂ ಭಯವಾಯಿತು.

ಹೀಗಿರುವಾಗ ಅಳತೆಯವಳು ಬಂದಳು. ಹೆಸರು ಫಾಂಗ್, ಇಪ್ಪತ್ತೆಂಟರ ಹುಡುಗಿ, ತೈಪೆಯ ಕಡೆಯವಳು. ಕಾರ್ಖಾನೆಯವರೆಲ್ಲರ ಕಿವಿಯಲ್ಲಿ ಪ್ಲಗ್ಗು ನಿಜವಾಗಿ ಎಷ್ಟು ತಡೆಯುತ್ತದೆ ಎಂದು ಮೂರು ದಿನ ಅಳೆದು, ಯಜಮಾನ ಕುವೋನ ಮುಂದೆ ಹಾಳೆ ಇಟ್ಟಳು.

"ಹನ್ನೊಂದಾ?" ಕುವೋ ಕನ್ನಡಕ ಮೇಲೇರಿಸಿದ. "ನಾನು ಮೂವತ್ಮೂರು ಅಂತ ಓದಿ ತರಿಸಿದ್ದು ಕಣಮ್ಮ. ಉಳಿದ ಇಪ್ಪತ್ತೆರಡು ದಾರೀಲಿ ಬಿದ್ದೋಯ್ತಾ?"

"ಆಫೀಸಲ್ಲಿ ಕೂರಿಸಿ ಹಾಕಿಸಿದ್ರೆ ಎಲ್ರದ್ದೂ ಮೂವತ್ತು ಬರುತ್ತೆ ಸಾರ್. ಹಾಕೋಕೆ ಎಲ್ರಿಗೂ ಗೊತ್ತು. ಯಂತ್ರದ ಹತ್ರ ಹೋಗ್ತಿದ್ದ ಹಾಗೆ ಅರ್ಧ ಆಚೆ ಎಳ್ಕೊತಾರೆ. ಹೋದ ವರ್ಷದ ಅಳತೇಲಿ ಹತ್ತೊಂಬತ್ತಿತ್ತು. ಈ ವರ್ಷ ಯಾಕೆ ಇಷ್ಟು ಇಳೀತು ಅಂತ ಕೇಳಿದ್ರೆ ಯಾರೂ ಹೇಳಲ್ಲ."

"ಏಳನೇ ತಿಂಗಳಲ್ಲಿ ಬಂದು ಇಂಥದ್ದನ್ನೆಲ್ಲ ಕೇಳ್ತಾರಾ?" ಎಂದು ಕುವೋ ಗೊಣಗಿದ.

ಅದು ಹಳೆಯ ಪಂಚಾಂಗದ ಏಳನೇ ತಿಂಗಳೇ. ಸತ್ತವರು ತಿರುಗಾಡುವ ತಿಂಗಳು. ಬಾಗಿಲಲ್ಲಿ ಮೇಜು ಹಾಕಿ ಹಣ್ಣು, ಬಿಸ್ಕತ್ತು, ಕೈತೊಳೆಯಲು ಬೋಗುಣಿ ನೀರು ಇಟ್ಟಿತ್ತು. ಈ ತಿಂಗಳಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕೂಗುವುದಿಲ್ಲ, ಹಿಂದಿನಿಂದ ಭುಜ ತಟ್ಟುವುದಿಲ್ಲ. ಬೇಕಾದರೆ ಟಾರ್ಚು ಮಿಣುಕಿಸುತ್ತಾರೆ. ಹಿಂದಿನಿಂದ ಯಾರಾದರೂ ಹೆಸರು ಕರೆದರೆ ತಿರುಗಬಾರದು, ಓಗೊಡಬಾರದು. ಕರೆದವರು ಯಾರೆಂದು ಹೇಳಲಾಗದು.

ಎಲ್ಲರ ಸರಾಸರಿಯೇನೋ ಸಿಕ್ಕಿತ್ತು. ಆದರೆ ಪ್ಲಗ್ಗನ್ನು ಪೂರ್ತಿ ಹಾಕಿ ಕೆಲಸ ಮಾಡಿದರೆ ಇಲ್ಲಿ ಎಷ್ಟು ಬರುತ್ತದೆ ಎಂದು ಫಾಂಗ್‌ಗೆ ನೋಡಬೇಕಿತ್ತು. ಎಲ್ಲರೂ ಬೀ-ಯೂನಳತ್ತ ಬೆರಳು ತೋರಿಸಿದರು.

"ಒಂದು ಗಂಟೆ ಅಷ್ಟೇ ಅಕ್ಕ," ಎಂದಳು ಫಾಂಗ್. "ಈ ಪ್ಲಗ್ಗಲ್ಲಿ ಎರಡು ಪುಟ್ಟ ಮೈಕು ಇದೆ. ಒಂದು ಹೊರಗಿನ ಸದ್ದು ಹಿಡಿಯುತ್ತೆ, ಇನ್ನೊಂದು ನಿಮ್ಮ ಕಿವಿಯೊಳಗಿನ ಸದ್ದು. ಎರಡರ ಮಧ್ಯದ ಅಂತರವೇ ಲೆಕ್ಕ."

"ಒಳಗೆ ಏನು ಕೇಳಿದ್ರೂ ಅದು ಹಿಡಿಯುತ್ತಾ?"

"ಏನಿದ್ರೂ."

ಬೀ-ಯೂನ್ ಪ್ಲಗ್ಗನ್ನು ಅಂಗೈಯಲ್ಲಿ ಎರಡು ಸಲ ಹೊರಳಿಸಿ ನೋಡಿದಳು. ಆಮೇಲೆ ಕೈಯನ್ನು ತಲೆಯ ಮೇಲಿಂದ ತಂದು, ಕಿವಿ ಎಳೆದು, ಪ್ಲಗ್ಗನ್ನು ಕೊನೆಯವರೆಗೂ ತಳ್ಳಿದಳು. ಯಂತ್ರದ ಮುಂದೆ ನಿಂತಳು. ಹದಿನೈದು ನಿಮಿಷ ಏನೂ ಇಲ್ಲ. ತನ್ನ ಉಸಿರು, ರಕ್ತ ಹರಿಯುವ ಸದ್ದು, ಎಲ್ಲೋ ದೂರದಲ್ಲಿ ಯಂತ್ರದ ಗುದ್ದು. ಅಷ್ಟರಲ್ಲಿ ಕೇಳಿಸಿತು.

"ಯೂನಾ... ಏ ಯೂನಾ, ಇಲ್ನೋಡು!"

ಅವಳು ತಿರುಗಲಿಲ್ಲ. ಕುತ್ತಿಗೆ ಬಿಗಿ ಹಿಡಿದು ಸ್ಕ್ರೂಗಳು ತಟ್ಟೆಗೆ ಬೀಳುವುದನ್ನೇ ನೋಡುತ್ತ ನಿಂತಳು. ಗಂಟೆ ಮುಗಿಯುವುದರೊಳಗೆ ಇನ್ನೆರಡು ಸಲ ಕರೆ ಬಂತು. ಕಣ್ಣಲ್ಲಿ ನೀರು ತುಂಬಿದರೂ ಅವಳು ತಿರುಗಲಿಲ್ಲ.

ಊಟದ ಹೊತ್ತಿಗೆ ಆಫೀಸಿನ ಕೋಣೆಯಲ್ಲಿ ಫಾಂಗ್ ಬೀ-ಯೂನಳಿಗೆ ಪರದೆಯ ಮೇಲೆ ಎರಡು ಗೆರೆ ತೋರಿಸಿದಳು. ಕುವೋ ಟೀ ಬಗ್ಗಿಸುತ್ತಿದ್ದ. ಚೂನ್ ಅಕ್ಕ ಬಾಗಿಲಿಗೆ ಒರಗಿ ಲಾಂಗನ್ ಹಣ್ಣು ಸುಲಿಯುತ್ತಿದ್ದಳು.

"ಮೂವತ್ತೊಂದು!" ಎಂದಳು ಫಾಂಗ್. "ಇಂಥ ಕಿವಿ ನಾನು ಎಲ್ಲೂ ನೋಡಿಲ್ಲ. ಆದ್ರೆ ಇಲ್ಲಿ ನೋಡಿ, ಮೂರು ಜಾಗದಲ್ಲಿ ಹೊರಗಿಗಿಂತ ಒಳಗೇ ಸದ್ದು ಜಾಸ್ತಿ."

ಕುವೋ ಟೀ ಬಗ್ಗಿಸುವುದನ್ನು ನಿಲ್ಲಿಸಿದ.

"ಗಾಬರಿ ಆಗ್ಬೇಡಿ," ಫಾಂಗ್ ನಕ್ಕಳು. "ಎರಡೂ ಕಿವಿಗೆ ಬೆರಳಿಟ್ಕೊಂಡು ಹೂಂ ಅನ್ನಿ, ತಲೆ ತುಂಬ ಗುಂಯ್ ಅನ್ನುತ್ತೆ. ಪ್ಲಗ್ ಬಿಗಿಯಾಗಿದ್ದಷ್ಟೂ ನಮ್ಮ ದನಿ ಒಳಗೇ ಮೊಳಗುತ್ತೆ. ಅಕ್ಕ, ನೀವು ಏನೋ ಕೂಗಿದ್ದೀರಿ, ಅಷ್ಟೇ."

"ನಾನು ತುಟಿ ಎರಡು ಮಾಡಿಲ್ಲ."

"ಕೇಳಿ ಬೇಕಾದ್ರೆ."

ಫಾಂಗ್ ಗುಂಡಿ ಒತ್ತಿದಳು. ಗುದ್ದಿನ ಸದ್ದಿನ ನಡುವೆಯಿಂದ ದನಿ ಎದ್ದು ಬಂತು. "ಯೂನಾ... ಏ ಯೂನಾ, ಇಲ್ನೋಡು!" ಎಳೆತ ಆ-ಹೋಕ್‌ನದೇ. ಕೊನೆಯಲ್ಲಿ ಮೇಲೇರುವ ರಾಗವೂ ಅವನದೇ. ಗಂಟಲು ಮಾತ್ರ ಹೆಂಗಸಿನದು. ಅದು ಬೀ-ಯೂನಳ ದನಿ ಎಂದು ಕಣ್ಣು ಮುಚ್ಚಿಕೊಂಡೂ ಹೇಳಬಹುದಿತ್ತು.

ಚೂನ್ ಅಕ್ಕನ ಕೈಯಿಂದ ಹಣ್ಣು ಬಿದ್ದು ಮೇಜಿನ ಕೆಳಗೆ ಉರುಳಿತು.

"ನಿಂಗೆ ಗೊತ್ತಿಲ್ಲ ಅಂತ ನಂಗೆ ಗೊತ್ತಿತ್ತು ಕಣೆ," ಎಂದಳು ಅವಳು, ಬೀ-ಯೂನಳ ಮುಖ ನೋಡದೆ. "ಚಳಿಗಾಲದಿಂದ ಹೀಗೇ. ನೀನು ಪೂರ್ತಿ ತುರುಕಿಕೊಂಡ ದಿನ ಕೂಗ್ತೀಯ. ನಿನ್ನ ಹೆಸರು ನೀನೇ. ಅವನ ಥರಾನೇ. ಮೊದಲನೇ ದಿನ ನಾವೆಲ್ಲ ಏಳನೇ ಯಂತ್ರದ ಕಡೆ ನೋಡಿದ್ವಿ. ಆಮೇಲೆ ನಿನ್ನ ಬಾಯಿ ಆಡೋದು ಕಾಣಿಸ್ತು."

"ಒಬ್ಬರಾದ್ರೂ ಹೇಳಬಾರದಿತ್ತಾ?"

"ಏನಂತ ಹೇಳೋದು? ಅವನು ನಿನ್ನ ಬಾಯಲ್ಲಿ ಕೂತ್ಕೊಂಡಿದಾನೆ ಅಂತಲಾ? ಓಗೊಟ್ರೆ ಏನಾಗುತ್ತೋ ಅಂತ ಸುಮ್ಮನಿದ್ವಿ. ಕರೆದಿದ್ದು ನೀನಾ ಅವನಾ ಅಂತ ತಿಳ್ಕೊಳ್ಳೋಕೆ ಎಲ್ರೂ ಪ್ಲಗ್ಗು ಆಚೆ ಎಳ್ಕೊಂಡು ಕಿವಿ ಕೊಡ್ತಿದ್ವಿ."

ಫಾಂಗ್ ಹಾಳೆಯ ಮೇಲಿನ ಹನ್ನೊಂದನ್ನು ನೋಡಿದಳು, ಅವರನ್ನು ನೋಡಿದಳು, ಏನೂ ಬರೆದುಕೊಳ್ಳಲಿಲ್ಲ. ಕುವೋ ಎದ್ದು ಹೊರಗಿನ ಮೇಜಿನ ಮೇಲೆ ಊದುಕಡ್ಡಿ ಹಚ್ಚಲು ಹೋದ.

ಬೀ-ಯೂನಳಿಗೆ ಮೊದಲು ನಾಚಿಕೆಯಾಯಿತು. ಅದರ ಬೆನ್ನಿಗೇ ಸಿಟ್ಟು ಬಂತು. ಚಳಿಗಾಲದಿಂದ ತಾನು ನಡುಸಾಲಿನಲ್ಲಿ ನಿಂತು ಗಂಟಲು ಹರಿಯುವಂತೆ ಕರೆದಿದ್ದೇನೆ, ಕೇಳಿಸಿಕೊಂಡವರಲ್ಲಿ ಒಬ್ಬರೂ ಓಗೊಡಲಿಲ್ಲ! ಹಾಗೆ ಅಂದುಕೊಂಡದ್ದೇ ತಡ, ಆ-ಹೋಕ್ ಎಣ್ಣೆ ಡಬ್ಬದ ಪಕ್ಕ ಬಿದ್ದುಕೊಂಡು ನೋಡಿದ್ದು ತನ್ನ ಬೆನ್ನನ್ನು ಎಂಬುದು ಅವಳಿಗೆ ಮೊದಲ ಸಲ ಸರಿಯಾಗಿ ಅರ್ಥವಾಯಿತು. ಇಷ್ಟು ದಿನ ಅವನ ಸಾವನ್ನು ನೆನೆದು ಕೊರಗಿದ್ದಳು. ಅವನು ಕಾದದ್ದನ್ನು ನೆನೆದಿರಲಿಲ್ಲ.

"ಮಧ್ಯಾಹ್ನ ಇನ್ನೊಂದು ಸಲ ಅಳೆಯೋಣ ಅಕ್ಕ," ಫಾಂಗ್ ಮೆಲ್ಲಗೆ ಹೇಳಿದಳು. "ಈ ಸಲ ಬಾಯಲ್ಲಿ ಏನಾದ್ರೂ ಕಚ್ಚಿಕೊಂಡಿರಿ. ದನಿ ಏಳಲ್ಲ. ಆಮೇಲೆ ನೀವು ದಿನಾ ಪೂರ್ತಿ ಹಾಕ್ಕೊಬಹುದು, ಕಿವಿ ಉಳಿಯುತ್ತೆ. ಹೆದರೋಕೇನೂ ಇಲ್ಲ ಇದರಲ್ಲಿ."

ಚೂನ್ ಅಕ್ಕ ಮೇಲಂಗಿಯ ಜೇಬಿನಿಂದ ಒಣ ಪ್ಲಮ್ ಹಣ್ಣೊಂದನ್ನು ತೆಗೆದು ಕೊಟ್ಟಳು. ಅದನ್ನು ಹಲ್ಲುಗಳ ನಡುವೆ ಕಚ್ಚಿಕೊಂಡು ಬೀ-ಯೂನ್ ಆರನೇ ಯಂತ್ರಕ್ಕೆ ಮರಳಿದಳು. ಪ್ಲಗ್ಗು ಹೊಸೆದು ಹಾಕಿದಳು. ಚೂನ್ ಅಕ್ಕ ಎದುರಿಗೇ ಬಂದು ನಿಂತು, ಅವಳ ತುಟಿಯ ಮೇಲೆ ಕಣ್ಣು ನೆಟ್ಟಳು. ಸಾಲಿನ ಉಳಿದವರೂ ಕೈಯಲ್ಲಿ ಕೆಲಸ ಮಾಡುತ್ತ ಇತ್ತಲೇ ನೋಡುತ್ತಿದ್ದರು. ಬೀ-ಯೂನ್ ಎಡಗೈಯ ಎರಡು ಬೆರಳನ್ನು ಗಂಟಲ ಗುಳಿಗೆ ಒತ್ತಿ ಹಿಡಿದಳು. ಸಣ್ಣದೊಂದು ಹೂಂ ಎದ್ದರೂ ಬೆರಳಿಗೆ ತಿಳಿಯುವಂತಿತ್ತು.

ಹತ್ತು ನಿಮಿಷ ಕಳೆಯಿತು, ಇಪ್ಪತ್ತು ಕಳೆಯಿತು. ಬಾಯಿ ತುಂಬ ಪ್ಲಮ್‌ನ ಹುಳಿ. ಬೆವರು ಇಳಿದು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಹುಡುಗಿ ಹೇಳಿದ್ದೇ ಸರಿ, ಎಲ್ಲ ತನ್ನ ಗಂಟಲಿನ ಆಟ ಎಂದು ಅವಳು ನಂಬತೊಡಗಿದಳು. ನಂಬಿದಷ್ಟೂ ಎದೆ ಖಾಲಿಯಾಗುತ್ತ ಹೋಯಿತು. ಕಿವಿ ಉಳಿಯುತ್ತದೆ, ಸರಿ. ಇನ್ನು ಅವನು ಕರೆಯುವುದಿಲ್ಲ ಎಂದಾದರೆ, ತಿರುಗದೆ ಹೋದ ಆ ಒಂದು ಸಲ ತಿರುಗದ್ದಾಗಿಯೇ ಉಳಿಯುತ್ತದೆ.

"ಯೂನಾ..."

ಬೆರಳ ಕೆಳಗೆ ಗಂಟಲು ಅಲುಗಲಿಲ್ಲ. ಪ್ಲಮ್ ಹಲ್ಲಿನ ನಡುವೆ ಇದ್ದ ಹಾಗೆಯೇ ಇತ್ತು. ಅವಳು ಚೂನ್ ಅಕ್ಕನನ್ನು ನೋಡಿದಳು. ಚೂನ್ ಅಕ್ಕ ಇಲ್ಲ ಎಂದು ತಲೆಯಾಡಿಸಿದಳು: ನಿನ್ನ ತುಟಿ ಆಡಿಲ್ಲ, ಏನೂ ಇಲ್ಲ, ಎಲ್ಲ ಸರಿಹೋಯಿತು. ಅವಳ ಮುಖದಲ್ಲಿ ನಗು ಕೂಡ ಮೂಡಿತ್ತು.

"ಏ ಯೂನಾ, ಇಲ್ನೋಡು!"

ಈ ಸಲ ದನಿಯಲ್ಲಿ ಹೆಂಗಸಿನ ಗಂಟಲು ಇರಲಿಲ್ಲ. ಸಾಲು ಸಾಲು ಮುಖಗಳು ಹಗುರಾಗಿ ತಮ್ಮ ತಮ್ಮ ಯಂತ್ರಗಳತ್ತ ತಿರುಗಿದವು. ಒಬ್ಬೊಬ್ಬರೇ ಕೈಯೆತ್ತಿ, ಎಷ್ಟೋ ತಿಂಗಳ ಮೇಲೆ, ಪ್ಲಗ್ಗುಗಳನ್ನು ಸರಿಯಾಗಿ ಒಳಗೆ ತಳ್ಳಿಕೊಂಡರು.

ಬೀ-ಯೂನ್ ಪ್ಲಮ್ಮನ್ನು ಅಂಗೈಗೆ ಉಗುಳಿಕೊಂಡಳು. ಅದು ಏಳನೇ ತಿಂಗಳು ಎಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು. ಚೂನ್ ಅಕ್ಕ ಕಣ್ಣರಳಿಸಿ ಬೇಡ ಬೇಡ ಎಂದು ಕೈಯಾಡಿಸುತ್ತಿದ್ದಂತೆಯೇ ಅವಳು ನಿಧಾನವಾಗಿ ಪೂರ್ತಿ ಹಿಂದಕ್ಕೆ ತಿರುಗಿ, ಟಾರ್ಪಾಲು ಹೊದ್ದ ಯಂತ್ರದ ಎದುರು ನಿಂತಳು.

"ಹೇಳು ಆ-ಹೋಕ್," ಎಂದಳು. "ಕೇಳಿಸ್ತಾ ಇದೆ. ತಿರುಗಿದೀನಿ ನೋಡು."

ಆಮೇಲೆ, ಉಳಿದ ಮಾತೂ ಕೇಳಲಿ ಎಂದು, ಎಡಗಿವಿಯ ಪ್ಲಗ್ಗನ್ನು ಹೆಬ್ಬೆರಳಿನಿಂದ ಇನ್ನಷ್ಟು ಒಳಕ್ಕೆ ಒತ್ತಿದಳು.