ಬತ್ತಿಯೂ ಸೀಟಿಯೂ

“ಏಳೋ ಮುದಿಗೂಬೆ. ಈ ಬಂಡೆ ಏನು ನಿಮ್ಮಪ್ಪ ಮಾಡಿಸಿಟ್ಟ ಮಂಚವಾ?” ಎಂದು ಸಂಘದ ಅಧ್ಯಕ್ಷ ಕೆಳಗಿನಿಂದ ಕೂಗಿದ.

ನಾನು ಏಳಲಿಲ್ಲ. ನನ್ನ ಕುಂಡೆಯ ಕೆಳಗೆ ಹನ್ನೊಂದು ಕುಳಿಗಳಲ್ಲಿ ಸಿಡಿಮದ್ದು ತುಂಬಿತ್ತು. ಅರವತ್ತೆಂಟು ವರ್ಷ ಯಾವ ಮಾತಿನ ಮೇಲೂ ಗಟ್ಟಿಯಾಗಿ ಕೂರದ ಮನುಷ್ಯ ಕೊನೆಗೂ ಕೂರಲು ಆರಿಸಿಕೊಂಡ ಜಾಗ ಇದು. ಹೆದರಿಕೆಗೆ ಏಳಬೇಕೆಂದರೂ ಆಗುತ್ತಿರಲಿಲ್ಲ. ಕೆಳಗಿನವರು ಅದನ್ನು ಧೈರ್ಯವೆಂದುಕೊಂಡರು. ನಾನು ತಿದ್ದಲಿಲ್ಲ.

ನಮ್ಮ ಕಲ್ಲುಗಣಿಯಲ್ಲಿ ಒಂದು ಕಟ್ಟಳೆ ಇತ್ತು. ಬತ್ತಿಗೆ ಬೆಂಕಿ ಇಡುವವನು ಮಾಲೀಕನ ಆಳು. ಸೀಟಿ ಊದುವವನು ಕಲ್ಲು ಒಡೆಯುವವರಲ್ಲೊಬ್ಬ. ಎಲ್ಲರೂ ದೂರ ಸರಿದದ್ದನ್ನು ಕಣ್ಣಾರೆ ಕಂಡು ಇವನು ಮೂರು ಸಲ ಊದಿದ ಮೇಲೆಯೇ ಅವನು ಬೆಂಕಿ ಇಡಬೇಕು. ಮಾಲೀಕನಿಗೆ ಕಲ್ಲಿನ ಚಿಂತೆ, ನಮಗೆ ಜೀವದ ಚಿಂತೆ. ಎರಡೂ ಒಂದೇ ಕೈಗೆ ಹೋಗಬಾರದೆಂದು ಇಪ್ಪತ್ತಾರು ದಿನ ಕೆಲಸ ನಿಲ್ಲಿಸಿ, ಒಲೆ ಆರಿಸಿ ಕೂತು ಪಡೆದ ಕಟ್ಟಳೆ ಅದು. ಸೀಟಿ ಹನ್ನೆರಡು ವರ್ಷ ನನ್ನ ಕೊರಳಲ್ಲಿತ್ತು.

ಅಧ್ಯಕ್ಷ ನಮ್ಮವನೇ. ನನ್ನ ಪಕ್ಕದಲ್ಲಿ ಕೂತು ಕಲ್ಲು ಒಡೆದವನು. ಆ ಇಪ್ಪತ್ತಾರು ದಿನಗಳಲ್ಲಿ ನಮಗಾಗಿ ಏಟು ತಿಂದವನು. ಅವನನ್ನೇ ಮುಂದಾಳು ಮಾಡಿದೆವು. ಆಮೇಲೆ ಮಾಲೀಕ ಬಂಡೆ ಸಿಡಿಸುವ ಗುತ್ತಿಗೆಯನ್ನು ಅವನಿಗೇ ಕೊಟ್ಟ. ನಮ್ಮವನು ಮೇಲೆ ಬಂದನೆಂದು ನಾವು ಹಿಗ್ಗಿದೆವು. ಒಂದು ದಿನ ಅವನು ನನ್ನ ಮನೆಗೆ ಬಂದು, ಚಾಪೆಯ ಮೇಲೆ ಕೂತು, ಸೊಸೆ ಕೊಟ್ಟ ನೀರು ಕುಡಿದು ಹೇಳಿದ: “ಮಾವ, ಆಗ ಬತ್ತಿ ಅವರ ಕೈಲಿತ್ತು, ಅದಕ್ಕೆ ಸೀಟಿ ನಮ್ಮ ಕೈಲಿ ಬೇಕಿತ್ತು. ಈಗ ಬತ್ತೀನೂ ನಮ್ಮದೇ. ನಮ್ಮನ್ನ ನಾವೇ ಕಾಯೋದು ಯಾಕೆ? ನಿಮಗೂ ವಯಸ್ಸಾಯ್ತು. ಗೇಟಿನ ಹತ್ರ ಕೂತ್ಕೊಳ್ಳಿ, ಕುರ್ಚಿ ಹಾಕಿಸ್ತೀನಿ.”

ಕೈಗಳಿರುವ ಕುರ್ಚಿ, ಮೇಲೊಂದು ತಗಡಿನ ಮಾಡು. ದಿನಕ್ಕೆರಡು ಸಲ ದೇವರ ಮುಂದೆ ಕಣ್ಣು ಮುಚ್ಚುವವನು ನಾನು. ಅಂದು ಸಂಜೆಯೂ ಮುಚ್ಚಿದೆ. ಕುರ್ಚಿಯೇ ಕಾಣಿಸಿತು. ದೇವರೇ ತೋರಿಸಿದನೆಂದು ತಿಳಿದೆ. ಸೀಟಿಯೂ ಅಧ್ಯಕ್ಷನ ಕೊರಳಿಗೇ ಹೋಗಲಿ ಎಂದು ಸಭೆಯಲ್ಲಿ ಮೊದಲು ಎದ್ದ ಕೈ ನನ್ನದು. ಬೇಡವೆಂದವನು ಒಬ್ಬನೇ, ನನ್ನ ಮಗ. “ಅವನು ಒಳ್ಳೆಯವನೇ ಇರಬಹುದು ಅಪ್ಪ. ಒಳ್ಳೆಯವನಿಗೂ ಅವಸರ ಇರತ್ತಲ್ಲ,” ಎಂದ. ಎಲ್ಲರೆದುರು ಅವನನ್ನು ಬೈದು ಕೂರಿಸಿದೆ.

ಐದು ತಿಂಗಳಿಗೆ ಮಗ ಸಿಡಿದ ಬಂಡೆಯ ಕೆಳಗೆ ಸಿಕ್ಕಿದ. ಅವನ ಸುತ್ತಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಅಂದೇ ವಿಚಾರಣೆಗೆ ಬಂದ ಅಧಿಕಾರಿ ಗಾಡಿಯಿಂದ ಇಳಿಯದೆಯೇ, ಸೀಟಿ ಕೇಳಿಸಿತೇ ಎಂದು ನನ್ನನ್ನು ಕೇಳಿದ. ಅಧ್ಯಕ್ಷನ ಕೈ ನನ್ನ ಕುರ್ಚಿಯ ಬೆನ್ನಿನ ಮೇಲಿತ್ತು. ಕೇಳಿಸಿತು ಎಂದೆ. ಸುಳ್ಳಲ್ಲ, ಸೀಟಿಯೂ ಸಿಡಿತವೂ ಒಟ್ಟಿಗೇ ಕೇಳಿಸಿದ್ದವು. ಅರ್ಧ ಹೇಳಿ, ಉಳಿದರ್ಧವನ್ನು ದೇವರಿಗೆ ಒಪ್ಪಿಸಿದೆ. ದೇವರು ಅದನ್ನು ಮನೆಗೇ ವಾಪಸು ಕಳಿಸಿದ. ಸೊಸೆ ತಟ್ಟೆ ಇಡುತ್ತಾಳೆ, ನೀರು ಇಡುತ್ತಾಳೆ, ಮಾತಾಡುವುದಿಲ್ಲ.

ಅವಳು ಅದೇ ಗಣಿಯಲ್ಲಿ ಜಲ್ಲಿ ಹೊರುತ್ತಾಳೆ. ಇಂದು ಬೆಳಗ್ಗೆ ಈ ಬಂಡೆಯ ಬುಡದಲ್ಲೇ ಬಗ್ಗಿ ಬುಟ್ಟಿ ತುಂಬುತ್ತಿದ್ದಳು. ಅಧ್ಯಕ್ಷ ಅತ್ತ ನೋಡದೆಯೇ ಬೆಂಕಿಪೆಟ್ಟಿಗೆ ತೆಗೆದ. ನಾನು ಕುರ್ಚಿಯಿಂದ ಎದ್ದದ್ದು ಯಾವಾಗ, ಬಂಡೆ ಹತ್ತಿದ್ದು ಹೇಗೆ, ನೆನಪಿಲ್ಲ. ಎರಡು ಸಲ ಜಾರಿದ್ದು ನೆನಪಿದೆ.

ಸೀಟಿ ಅವನ ಕೊರಳಿಂದ ಇಳಿಯುವ ತನಕ ನಾನೂ ಇಳಿಯುವುದಿಲ್ಲ ಎಂದೆ. ಬೋಳಿಮಗನೆ ಎಂದ, ಕುರ್ಚಿ ಕಿತ್ತುಕೊಳ್ಳುತ್ತೇನೆ ಎಂದ, ಪೊಲೀಸರನ್ನು ಕರೆಸುತ್ತೇನೆ ಎಂದ. ಅಷ್ಟರಲ್ಲಿ ಜನ ಕೆಲಸ ಬಿಟ್ಟು ಬಂದು ಸೇರಿದರು. ಕೊಟ್ಟುಬಿಡು ಎಂದು ಹಿಂದಿನಿಂದ ಯಾರೋ ಗೊಣಗಿದರು. ಅಧ್ಯಕ್ಷ ದನಿ ಬದಲಿಸಿದ. ಸೀಟಿ ಬಿಚ್ಚಿ ಮೇಲಕ್ಕೆ ಹಿಡಿದ.

“ಆಯ್ತು ಮಾವ. ನೀವೇ ಇಟ್ಕೊಳ್ಳಿ. ಇಳೀರಿ.”

ನನ್ನ ಕೈ ಚಾಚಿತು. ನಾನು ಚಾಚಲಿಲ್ಲ, ಅದೇ ಚಾಚಿತು. ಮಗ ಸತ್ತು ಇಪ್ಪತ್ತೊಂದು ದಿನ. ಮದ್ದಿನ ಮೇಲೆ ಕೂತಿದ್ದರೂ ಆ ಕೈಗೆ ನಾಚಿಕೆಯಿಲ್ಲ. ಮತ್ತೆ ಸೀಟಿಯವನೆನಿಸಿಕೊಳ್ಳಬಹುದು, ಜನ ದಾರಿ ಬಿಡಬಹುದು ಎಂದು ಆಗಲೇ ಆಸೆಪಟ್ಟಿತ್ತು. ಅದನ್ನು ಎಳೆದು ತೊಡೆಯ ಕೆಳಗಿಟ್ಟು, ಅದರ ಮೇಲೇ ಕೂತೆ.

“ನನಗೆ ಬೇಡ ಕಣಯ್ಯ,” ಎಂದೆ. “ನನ್ನನ್ನ ನಾನು ನೋಡಿದೀನಿ. ಒಂದು ಕುರ್ಚಿಗೆ ಬಿದ್ದವನು. ನನ್ನ ಸೊಸೆಗೆ ಕೊಡು. ವರ್ಷಕ್ಕೊಂದು ಸಲ ಇವರೆಲ್ಲ ಸೇರಿ ಕೇಳಲಿ, ಇವಳು ಇರಬೇಕಾ ಬೇಡವಾ ಅಂತ. ತಪ್ಪಿದ್ರೆ ಅವಳ ಕೊರಳಿಂದಲೂ ಕಿತ್ಕೊಳ್ಳಲಿ.”

ಹೆಂಗಸಿಗಾ ಎಂದು ಕೆಲವರು ನಕ್ಕರು. ಸೊಸೆ ನಗಲಿಲ್ಲ. ಬುಟ್ಟಿ ಕೆಳಗಿಟ್ಟು, ಜನರ ನಡುವೆ ಬಂದು, ತಲೆಯೆತ್ತಿ ನನ್ನನ್ನು ನೋಡಿದಳು.

“ಅವತ್ತು ಅಧಿಕಾರಿಗೆ ಹೇಳದೆ ಬಿಟ್ಟಿದ್ದನ್ನ ಮೊದಲು ಹೇಳಿ ಮಾವ. ಎಲ್ಲರಿಗೂ ಕೇಳೋ ಹಾಗೆ. ಸೀಟಿ ವಿಷಯ ಆಮೇಲೆ ನೋಡೋಣ.”

ಇಪ್ಪತ್ತೊಂದು ದಿನದಲ್ಲಿ ಅವಳಾಡಿದ ಮೊದಲ ಮಾತು. ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅಧ್ಯಕ್ಷ ಸೀಟಿಯನ್ನು ಬಾಯಿಗಿಟ್ಟು ಜೋರಾಗಿ ಊದತೊಡಗಿದ. ಒಬ್ಬರೂ ದೂರ ಸರಿಯಲಿಲ್ಲ. ಅವನು ಊದಿ ಊದಿ ಉಸಿರು ಸಾಲದೆ ನಿಲ್ಲಿಸಿದಾಗಲೆಲ್ಲ ನಾನು ಒಂದೊಂದು ಮಾತು ಹೇಳಿದೆ. ಜನ ಇನ್ನಷ್ಟು ಹತ್ತಿರ ಬಂದರು.