ಹದಿನೇಳು ಮೆಣಸಿನಕಾಯಿ

"ಅಲ್ಲೇ ನಿಲ್ಲು ತಾಯಿ! ಇನ್ನೊಂದು ಹೆಜ್ಜೆ ಮುಂದಿಟ್ಟೆ ಅಂದ್ರೆ ನಾನು ಸುಮ್ನಿರಲ್ಲ, ನೋಡು."

ಅತ್ತೆಯ ಗಂಟಲು ಅಂಗಳ ದಾಟಿ ಬಾಣಂತಿ ಕೋಣೆಯ ಕಾಗದದ ಬಾಗಿಲಿಗೆ ಬಡಿಯಿತು. ಒಳಗೆ ಬೆಚ್ಚನೆಯ ನೆಲದ ಮೇಲೆ ಮಗುವನ್ನು ಮಗ್ಗುಲಿಗೆ ಹಾಕಿಕೊಂಡು ಮಲಗಿದ್ದ ಯಾಂಗ್‌ಸುನ್ ಕಣ್ಣು ಬಿಟ್ಟಳು. ಬಂದವಳು ಯಾರೆಂದು ಸೈಕಲ್ಲಿನ ಕಿರುಗುಟ್ಟುವ ಸದ್ದೇ ಹೇಳಿತ್ತು. ಆರೋಗ್ಯ ಕೇಂದ್ರದ ನರ್ಸ್ ಕ್ವಾಕ್.

ಹೆಬ್ಬಾಗಿಲಿಗೆ ಅಡ್ಡಲಾಗಿ, ಎಡಕ್ಕೆ ಹೊಸೆದ ಹುಲ್ಲಿನ ಹಗ್ಗ ಬಿಗಿದಿತ್ತು. ಹೆಣ್ಣು ಹುಟ್ಟಿದರೆ ಅದಕ್ಕೆ ಇದ್ದಿಲು, ಪೈನ್ ಮರದ ಕಡ್ಡಿ. ಗಂಡಾದರೆ ಕೆಂಪು ಮೆಣಸಿನಕಾಯಿ. ಇಪ್ಪತ್ತೊಂದು ದಿನ ಹೊರಗಿನವರು ಯಾರೂ ಅದನ್ನು ದಾಟುವಂತಿಲ್ಲ. ಈ ಮನೆಯ ಬಾಗಿಲಲ್ಲಿ ಮೂರು ಸಲ ಪೈನ್ ಕಡ್ಡಿಯೇ ನೇತಾಡಿತ್ತು. ನಾಲ್ಕನೆಯ ಸಲ ಅತ್ತೆ, ಮೂರು ಮೆಣಸಿನಕಾಯಿ ಸಾಕಿದ್ದಲ್ಲಿ ಹದಿನೇಳು ಸಿಕ್ಕಿಸಿದ್ದಳು. ಸಿಯೋಲ್ ಬಸ್ಸಿನಲ್ಲಿ ಹೋಗುವವರಿಗೂ ಕಾಣಬೇಕಲ್ಲ!

"ದಾಟಲ್ಲ ಅಜ್ಜಿ," ಎಂದಳು ನರ್ಸ್. "ಇಲ್ಲೇ ನಿಂತಿರ್ತೀನಿ. ಮಗೂನ ಜಗಲಿಗೆ ತನ್ನಿ, ಬೆಳಕಲ್ಲಿ ಒಂದ್ಸಲ ಬಣ್ಣ ನೋಡ್ಕೊಂಡು ಹೋಗ್ತೀನಿ. ಇವತ್ತಿಗೆ ಆರು ದಿನ."

"ಹಸುಗೂಸನ್ನ ಗಾಳಿಗೆ ಒಡ್ಡೋದಾ? ನಿಂಗೆ ಮದುವೆ ಆಗಿದ್ಯೇನೇ?"

"ಇಲ್ಲ."

"ಮತ್ತೆ! ನಾನು ಏಳು ಹೆತ್ತೋಳು."

"ಎಷ್ಟು ಉಳಿದ್ವು ಅಜ್ಜಿ?"

ಅತ್ತೆ ಕೋಳಿಯನ್ನು ಹುಶ್ಶೆಂದು ಅಟ್ಟಿದ್ದು ಕೇಳಿಸಿತು. "ನಾಲಿಗೆ ಉದ್ದ ಆಯ್ತು ನಿಂದು," ಎಂದಳು ಅತ್ತೆ.

"ಹಾಲು ಕುಡೀತಾನಾ? ಜೋರಾಗಿ ಅಳ್ತಾನಾ?"

"ಅಳೋದಾ? ಆ ಮೂರು ಮುಂಡೇವು ಕಿರುಚಿ ಕಿರುಚಿ ಊರು ಎಬ್ಬಿಸಿದ್ವು. ಇವನು ಗಂಡು ಕಣೇ. ತುಟಿ ಪಿಟಕ್ ಅನ್ನಲ್ಲ."

ನರ್ಸಿನ ದನಿ ಬದಲಾಯಿತು. "ಅಳದೇ ಇರೋದು ಒಳ್ಳೇದಲ್ಲ ಅಜ್ಜಿ. ತಾಯಿ ಹತ್ರ ಮಾತಾಡ್ಬೇಕು ನಾನು."

ಯಾಂಗ್‌ಸುನ್‌ಗೂ ಬಾಗಿಲಿಗೂ ಒಂದು ಗೇಣು ದೂರ. ನಿನ್ನೆಯಿಂದ ಮಗು ಸರಿಯಾಗಿ ಮೊಲೆ ಚೀಪುತ್ತಿರಲಿಲ್ಲ. ಬಾಯಿಗಿಟ್ಟರೆ ಹಾಗೇ ತೂಕಡಿಸುತ್ತಿತ್ತು. ಮುಖ ಯಾಕೋ ಹಳದಿಯಾಗಿದೆ ಅನ್ನಿಸಿತ್ತು. ಕಿಟಕಿಗೆ ಕಂಬಳಿ ಹೊದಿಸಿದ ಕೋಣೆ, ಎಣ್ಣೆ ಹಚ್ಚಿದ ಹಳದಿ ಕಾಗದದ ನೆಲ, ಅದರದ್ದೇ ಬಣ್ಣ ಇರಬೇಕೆಂದು ತನಗೆ ತಾನೇ ಹೇಳಿಕೊಂಡಿದ್ದಳು. 'ನರ್ಸಮ್ಮಾ' ಎಂದು ಒಂದು ಕೂಗು ಹಾಕಿದರೆ ಸಾಕಿತ್ತು. ಅವಳು ಬಾಯಿ ತೆರೆದಳು.

"ಶ್! ಮೆಲ್ಲಗೆ," ಎಂದಳು ಹೊರಗೆ ಅತ್ತೆ. "ನಮ್ಮ ಹುಡುಗಿ ಈಗ ತಾನೇ ನಿದ್ದೆ ಹೋಗಿದಾಳೆ."

ನಮ್ಮ ಹುಡುಗಿ! ಹನ್ನೊಂದು ವರ್ಷ ಈ ಮನೆಯಲ್ಲಿ ಅವಳ ಹೆಸರು 'ಏ' ಎಂದಿತ್ತು. ಮೂರನೆಯ ಹೆಣ್ಣು ಹೆತ್ತ ಮೂರನೇ ದಿನಕ್ಕೆ ಹೊಳೆಗೆ ಬಟ್ಟೆ ಹೊತ್ತವಳು, ಬಾರ್ಲಿ ಗಂಜಿ ಕುಡಿದು ಮಲಗಿದವಳು. ಈಗ ಹೊತ್ತು ಹೊತ್ತಿಗೆ ಬಿಳಿ ಅನ್ನ, ಮಾಂಸ ಹಾಕಿದ ಕಡಲಪಾಚಿಯ ಸಾರು. ಅತ್ತೆ ತಾನೇ ಮೀನಿನ ಮುಳ್ಳು ಬಿಡಿಸಿ ಚಮಚದಲ್ಲಿಡುತ್ತಿದ್ದಳು. ಹೆದರಿಕೆಯಿಂದ ಬಾಯಿ ಮುಚ್ಚಿದಳೆಂದರೆ ಸುಳ್ಳಾಗುತ್ತದೆ. ಆ ಎರಡು ಮಾತು ಅವಳಿಗೆ ಹಿತವಾಗಿತ್ತು. ಅದಕ್ಕೇ ಕಣ್ಣನ್ನೂ ಮುಚ್ಚಿಕೊಂಡಳು. ಸೈಕಲ್ಲು ಕಿರುಗುಟ್ಟುತ್ತಾ ದೂರ ಹೋಯಿತು.

ಎಂಟನೆಯ ದಿನ ಮಗು ಅತ್ತಿತು. ಅದು ಅಳುವೇ ಅಲ್ಲ, ಸಣ್ಣಗೆ ಚುಚ್ಚುವ ಒಂದು ಕಿರುಚು. ಜೊತೆಗೆ ಬೆನ್ನು ಹಿಂದಕ್ಕೆ ಬಾಗತೊಡಗಿತು. ಯಾಂಗ್‌ಸುನ್ ಬೆರಳಿಗೆ ಎಂಜಲು ಹಚ್ಚಿ ಬಾಗಿಲ ಕಾಗದಕ್ಕೆ ಒತ್ತಿ ತೂತು ಮಾಡಿದಳು. ನಾಣ್ಯದಷ್ಟು ಬಿಸಿಲು ಒಳಗೆ ಬಿತ್ತು. ಮಗುವನ್ನು ಸರಿಸಿ, ರೆಪ್ಪೆ ಬಿಡಿಸಿ, ಆ ಬಿಸಿಲಿಗೆ ಹಿಡಿದಳು. ಕಣ್ಣಿನ ಬಿಳಿ, ಮೂಲಂಗಿ ಉಪ್ಪಿನಕಾಯಿಯಷ್ಟು ಹಳದಿಯಾಗಿತ್ತು.

"ನರ್ಸಮ್ಮನ್ನ ಕರ್ಕೊಂಡ್ ಬನ್ರೀ," ಎಂದು ತೂತಿಗೆ ಬಾಯಿಟ್ಟು ಗಂಡನನ್ನು ಕೂಗಿದಳು.

ದಲ್‌ಸುವಿನ ಬಾಯಿಂದ ಅಕ್ಕಿ ಹೆಂಡದ ವಾಸನೆ ಬಂತು. ಮಗ ಹುಟ್ಟಿದಾಗಿನಿಂದ ಊರವರು ಕುಡಿಸುತ್ತಲೇ ಇದ್ದರು. "ಅಮ್ಮನ್ನ ಕೇಳು," ಎಂದ.

ಅಮ್ಮ ಬಂದದ್ದು ಅಂಟು, ಕಾಗದದ ಚೂರು ಹಿಡಿದುಕೊಂಡು. ತೂತಿಗೆ ತೇಪೆ ಹಚ್ಚಿ, ಅಂಗೈಯಿಂದ ಒತ್ತಿ, ತಿರುಗಿದಳು.

"ಗಾಳಿ ಒಳಗೆ ಬಿಟ್ಟು ಈಗ ಮಗು ಹೀಗಾಡ್ತಿದೆ ಅಂತೀಯಾ? ನಾಲ್ಕು ಹೆತ್ತೂ ಬುದ್ಧಿ ಬರಲಿಲ್ವಲ್ಲೇ." ಮಗುವಿನ ಮೇಲೆ ಇನ್ನೊಂದು ರಜಾಯಿ ಎಳೆದಳು. ಆಮೇಲೆ ಸಾರಿನ ಬಟ್ಟಲು ತಂದು, ದನಿ ತಗ್ಗಿಸಿ, "ಬಾ, ಸಾರು ಆರತ್ತೆ," ಎಂದು ಚಮಚ ಮುಂದೆ ಹಿಡಿದಳು. ಯಾಂಗ್‌ಸುನ್ ಬಾಯಿ ತೆರೆದಳು. ಉಂಡಳು.

ಮಗು ಸಾಯಲಿಲ್ಲ. ನಾಲ್ಕು ದಿನ ಕಳೆದ ಮೇಲೆ ಮತ್ತೆ ಹಾಲು ಚೀಪಿತು. ಎಲ್ಲ ಹಗ್ಗದ ಮಹಿಮೆ ಎಂದಳು ಅತ್ತೆ. ಇಪ್ಪತ್ತೆರಡನೆಯ ದಿನ ಅದನ್ನು ಬಿಚ್ಚಿ, ಹದಿನೇಳು ಮೆಣಸಿನಕಾಯಿಯನ್ನೂ ಸೋಯಾ ರಸದ ಜಾಡಿಗೆ ಹಾಕಿದಳು.

ಮಗು ಹುಟ್ಟಿದ ನೂರನೆಯ ದಿನದ ಊಟಕ್ಕೆ ಊರಿಗೆ ಊರೇ ಬಂತು. ಹಗ್ಗವಿಲ್ಲದ ಬಾಗಿಲಿನಿಂದ ನರ್ಸ್ ಕ್ವಾಕ್ ಕೂಡ ಬಂದಳು. ಯಾಂಗ್‌ಸುನ್ ತೊಡೆಯ ಮೇಲೆ ಮಗುವಿತ್ತು. ಕತ್ತು ಇನ್ನೂ ನಿಂತಿರಲಿಲ್ಲ. ನಡುವಿನ ಮಗಳು ಹಿತ್ತಾಳೆ ಬಟ್ಟಲುಗಳನ್ನು ಹೊತ್ತು ಬರುತ್ತಾ ಮೆಟ್ಟಿಲಲ್ಲಿ ಎಡವಿದಳು. ಬಟ್ಟಲೆಲ್ಲ ಕಲ್ಲಿನ ಮೇಲೆ ಉರುಳಿ ಬಿದ್ದವು. ನಾಯಿ ಜಗಲಿಯ ಅಡಿಗೆ ನುಗ್ಗಿತು. ಪಕ್ಕದ ಮನೆಯ ಕೂಸು ಬೆಚ್ಚಿ ಅತ್ತಿತು. ಈ ಮಗು ಮಾತ್ರ ರೆಪ್ಪೆ ಕೂಡ ಅಲ್ಲಾಡಿಸದೆ ಸೂರಿನ ಅಂಚು ನೋಡುತ್ತಿತ್ತು.

"ನೋಡಿದ್ರಾ!" ಅತ್ತೆ ಮೊಮ್ಮಗಳ ನೆತ್ತಿಗೊಂದು ಮೊಟಕಿ, ಜನರ ಕಡೆ ತಿರುಗಿದಳು. "ಸೇನಾಪತಿ ಕಣ್ರೋ ಇವನು! ಆಕಾಶ ಬಿದ್ರೂ ಬೆಚ್ಚಲ್ಲ!"

ಎಲ್ಲರೂ ನಕ್ಕರು, ದಲ್‌ಸು ಎಲ್ಲರಿಗಿಂತ ಜೋರಾಗಿ. ನರ್ಸ್ ನಗಲಿಲ್ಲ. ಯಾಂಗ್‌ಸುನ್ ಪಕ್ಕ ಕುಕ್ಕರಗಾಲಲ್ಲಿ ಕೂತು, ಮಗುವಿನ ಎಡ ಕಿವಿಯ ಹಿಂದೆ ಚಿಟಿಕೆ ಹೊಡೆದಳು. ಆಮೇಲೆ ಬಲ ಕಿವಿಯ ಹಿಂದೆ.

"ನಾನು ಅವತ್ತು ಬಂದಿದ್ನಲ್ಲ," ಎಂದಳು ಮೆಲ್ಲಗೆ. "ಕಾಮಾಲೆ ತಲೆಗೇರಿದ್ರೆ ಕಿವಿಗೆ ಪೆಟ್ಟು ಬೀಳತ್ತೆ. ಆಗ ಮಗು ಹಳದಿ ಇತ್ತಾ?"

ಅಷ್ಟರಲ್ಲಿ ಅತ್ತೆ ಮಾಂಸದ ಒಂದು ದಪ್ಪ ತುಂಡು ಆರಿಸಿ ಯಾಂಗ್‌ಸುನ್ ಬಟ್ಟಲಿಗೆ ಹಾಕಿ ಹೋದಳು.

"ಗೊತ್ತಿಲ್ಲ," ಎಂದಳು ಯಾಂಗ್‌ಸುನ್. "ನಾನು ನಿದ್ದೆ ಮಾಡ್ತಿದ್ದೆ."

ತಡವಾಗಿ ಬಂದವರಿಗೂ ತೋರಿಸಬೇಕೆಂದು ಅತ್ತೆ ಒಂದು ಹಿತ್ತಾಳೆ ಬಟ್ಟಲು ತಂದು, ಮೊಮ್ಮಗನ ಕಿವಿಯ ಹತ್ತಿರ ಹಿಡಿದು, ಚಮಚದಿಂದ ಟಣಟಣ ಬಡಿಯತೊಡಗಿದಳು. ಬಟ್ಟಲ ಅಂಚಿನಲ್ಲಿ ಬಿಸಿಲು ಕುಣಿಯುತ್ತಿತ್ತು. ಮಗುವಿನ ಕಣ್ಣು ಆ ಹೊಳಪಿನ ಹಿಂದೆಯೇ ಅತ್ತ ಇತ್ತ ಹೋಗುತ್ತಿತ್ತು.